ಪ್ರತಿ ಹದಿನೈದು ಪುಟಕ್ಕೊಂದು ಹೆಣ

ಇಂಡಿ
12 ಜೂನ್ 1974

ಮಾನ್ಯ ಭೈರವದೂತ ಅವರಿಗೆ,
ನಮಸ್ಕಾರ.

ತಮ್ಮ ‘ಏಳನೆಯ ಕುತ್ತಿಗೆ’ ಓದಿದೆ. ಅಭಿಪ್ರಾಯ ಬರೆಯಿರಿ ಎಂದು ಹಿಂದಿನ ರಟ್ಟಿನ ಮೇಲೆ ಅಚ್ಚಾಗಿತ್ತು. ಅದಕ್ಕಾಗಿ ಹುಬ್ಬಳ್ಳಿಯ ಪ್ರಕಾಶಕರ ವಿಳಾಸಕ್ಕೆ ಈ ಪತ್ರ ಹಾಕುತ್ತಿದ್ದೇನೆ.

ಅರವತ್ತಮೂರನೆಯ ಪುಟದಲ್ಲಿ ಮುಸುಕುಧಾರಿಯು ಜಮೀನ್ದಾರನ ಗಂಟಲನ್ನು ಕುಡುಗೋಲಿನಿಂದ ಕೊಯ್ಯುತ್ತಾನೆ. ಆಮೇಲೂ ಜಮೀನ್ದಾರ ಎರಡೂವರೆ ಪುಟ ಮಾತನಾಡುತ್ತಾನೆ. ಉಯಿಲು ಎಲ್ಲಿದೆ, ಮಗಳು ನಿಜವಾಗಿ ಯಾರ ಮಗಳು, ಎಲ್ಲವನ್ನೂ ಹೇಳಿ ಮುಗಿಸಿಯೇ ಸಾಯುತ್ತಾನೆ. ಗಂಟಲು ಕೊಯ್ದ ಮೇಲೆ ದನಿ ಎಲ್ಲಿಂದ ಬರಬೇಕು? ಎಂಬತ್ತೊಂದನೆಯ ಪುಟದಲ್ಲಿ ಅಡುಗೆಯವಳ ರಕ್ತ ಚಿಮ್ಮಿ ಮಾಳಿಗೆಯ ತೊಲೆಗೆ ತಾಗುತ್ತದೆ. ಅಷ್ಟು ಎತ್ತರಕ್ಕೆ ಹೋಗುತ್ತದೆಯೇ?

ತಪ್ಪು ಹುಡುಕಲೆಂದು ಬರೆಯುತ್ತಿಲ್ಲ. ತಾವು ಶವಾಗಾರದಲ್ಲಿ ಹನ್ನೆರಡು ವರ್ಷ ಕಂಪೌಂಡರ್ ಆಗಿದ್ದಿರಿ ಎಂದು ಅದೇ ರಟ್ಟಿನ ಮೇಲಿದೆ. ಅದು ನಿಜವೇ? ನಿಜವಾಗಿದ್ದರೆ ಒಂದೆರಡು ವಿಷಯ ಕೇಳುವುದಿತ್ತು. ಸುಮ್ಮನೆ ಕುತೂಹಲ, ಬೇರೇನಿಲ್ಲ.

ಇತಿ,
ಐ. ಎಸ್. ಬಿರಾದಾರ


ಮುದ್ದೇಬಿಹಾಳ
29 ಜೂನ್ 1974

ಬಿರಾದಾರ ಸಾಹೇಬರಿಗೆ ಭೈರವದೂತನ ಅನಂತ ನಮಸ್ಕಾರಗಳು.

ಪ್ರಕಾಶಕರು ನಿಮ್ಮ ಪತ್ರವನ್ನು ನನಗೆ ಕಳಿಸಿದರು. ನೀವು ಡಾಕ್ಟರರು ಎಂದು ಆ ಗಂಟಲಿನ ಪ್ರಶ್ನೆಗೇ ತಿಳಿಯಿತು. ಡಾಕ್ಟರರು ನನ್ನ ಪುಸ್ತಕ ಓದುತ್ತಾರೆಂದರೆ ನಾನು ಪುಣ್ಯವಂತ.

ಹೌದು, ಹನ್ನೆರಡು ವರ್ಷ ಹೆಣಗಳ ನಡುವೆಯೇ ಊಟ, ನಿದ್ದೆ. ಯಾವ ಊರಿನ ಆಸ್ಪತ್ರೆ ಎಂದು ಕೇಳಬೇಡಿ, ಅದು ಗುಟ್ಟು. ಜಮೀನ್ದಾರ ಮಾತನಾಡಿದ್ದು ತಪ್ಪೆಂದು ನನಗೂ ಗೊತ್ತು. ಏನು ಮಾಡಲಿ? ಉಯಿಲಿನ ವಿಷಯ ತಿಳಿದವನು ಕಥೆಯಲ್ಲಿ ಅವನೊಬ್ಬನೇ. ನಮ್ಮ ಪ್ರಕಾಶಕರದು ಒಂದೇ ನಿಯಮ: ನೂರಿಪ್ಪತ್ತೆಂಟು ಪುಟ, ಪ್ರತಿ ಹದಿನೈದು ಪುಟಕ್ಕೊಂದು ಹೆಣ. ಹದಿನಾರನೆಯ ಪುಟದವರೆಗೂ ಯಾರೂ ಸಾಯದಿದ್ದರೆ ಹಸ್ತಪ್ರತಿ ವಾಪಸು ಬರುತ್ತದೆ.

ಇಲ್ಲಿಯ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಈ ಪುಸ್ತಕಗಳನ್ನು ಹುರಿಗೆ ನೇತುಹಾಕುತ್ತಾರೆ. ಮುಖಪುಟದ ಕೆಂಪು ಯಾವಾಗಲೂ ಗೆರೆ ದಾಟಿ ಹರಡಿರುತ್ತದೆ, ಬೆವರುಗೈಯಲ್ಲಿ ಹಿಡಿದರೆ ಅಂಗೈಗೆ ಹತ್ತುತ್ತದೆ. ಕೊಳ್ಳುವವರು ಮೊದಲನೆಯ ಪುಟ ತೆರೆಯುವುದಿಲ್ಲ. ನಡುವೆ ಎಲ್ಲೋ ಬೆರಳಿಟ್ಟು ನೋಡುತ್ತಾರೆ. ಕೊಲೆ ಸಿಕ್ಕರೆ ಅಲ್ಲಿಯೇ ನಿಂತು ಓದುತ್ತಾರೆ, ತಾಳಿಕೋಟಿ ಬಸ್ಸು ತಪ್ಪಿದರೂ ಗೊತ್ತಾಗುವುದಿಲ್ಲ.

ಏನು ಬೇಕಾದರೂ ಕೇಳಿ, ಸಂಕೋಚ ಬೇಡ.

ನಿಮ್ಮ,
ಭೈರವದೂತ (ನಿಜನಾಮ ಅಬ್ದುಲರಜಾಕ)


ಇಂಡಿ
9 ಜುಲೈ 1974

ಅಬ್ದುಲರಜಾಕ ಅವರಿಗೆ,

ನಾನು ಡಾಕ್ಟರಲ್ಲ, ಸಾಹೇಬನೂ ಅಲ್ಲ. ನನ್ನ ಹೆಸರು ಇಂದ್ರಾಬಾಯಿ, ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಕಲಿಸುತ್ತೇನೆ. ಹೆಣ್ಣುಮಗಳು ಇಂಥ ಪುಸ್ತಕ ಓದುತ್ತಾಳೆಂದರೆ ಉತ್ತರ ಬರುವುದಿಲ್ಲ ಎಂದು ಹೆಸರಿನ ಮೊದಲಕ್ಷರ ಮಾತ್ರ ಹಾಕಿದ್ದೆ.

ನಿಮ್ಮವು ಒಂಬತ್ತು ಪುಸ್ತಕ, ಬೇರೆಯವರವು ನಲವತ್ತರ ಮೇಲೆ ನನ್ನ ಹತ್ತಿರ ಇವೆ. ಭೂಗೋಳದ ಪುಸ್ತಕದ ಹೊದಿಕೆ ಹಾಕಿ ಇಟ್ಟಿದ್ದೇನೆ. ಒಮ್ಮೆ ನಮ್ಮ ಹೆಡ್ ಬಾಯಾರು ಒಂದನ್ನು ತೆರೆದು ನೋಡಿಬಿಟ್ಟರು. “ಇಂಥಾ ಹೊಲಸ ಯಾಕ ಓದ್ತೀರಿ ಇಂದ್ರಾಬಾಯಿ? ಮೈ ಜುಮ್ಮ್ ಅಂತೈತಿ,” ಎಂದರು. ಏನೋ ಹೇಳಿ ಜಾರಿಕೊಂಡೆ. ಆದರೆ ಆ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ಪತ್ತೇದಾರ ಬಂದು ಕೊಲೆಗಾರನನ್ನು ಹಿಡಿಯುವ ಭಾಗ ನನಗೆ ಬೇಕಿಲ್ಲ, ಬಹಳ ಸಲ ಅದನ್ನು ಓದುವುದೂ ಇಲ್ಲ. ನನಗೆ ಬೇಕಾದದ್ದು ಆ ನಡುವಿನ ಪುಟಗಳು. ಕತ್ತಿ ಎಲ್ಲಿ ಹೊಕ್ಕಿತು, ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಎಲ್ಲವನ್ನೂ ನೀವು ಹೇಳುತ್ತೀರಿ. ನಿಮ್ಮ ಪುಸ್ತಕದಲ್ಲಿ ಓದುಗನಿಗೆ ಯಾರೂ ಅಡ್ಡ ನಿಂತು ನೋಡಬೇಡ ಎನ್ನುವುದಿಲ್ಲ.

ಕೇಳಬೇಕೆಂದದ್ದು ಇದು. ಹತ್ತಿ ಗಿರಣಿಯಲ್ಲಿ ಒಬ್ಬ ಮನುಷ್ಯ ಯಂತ್ರದ ಪಟ್ಟಾಕ್ಕೆ, ಅಂದರೆ ಬೆಲ್ಟಿಗೆ, ಸಿಕ್ಕಿದರೆ ಅವನಿಗೆ ಗೊತ್ತಾಗುತ್ತದೆಯೇ? ಎಷ್ಟು ಹೊತ್ತು ಜೀವ ಇರುತ್ತದೆ? ಮುಖ ಹೇಗಾಗುತ್ತದೆ? ಪರಿಚಯದವರೊಬ್ಬರ ಮನೆಯಲ್ಲಿ ಹೀಗಾಗಿತ್ತು.

ಇಂದ್ರಾಬಾಯಿ


ಮುದ್ದೇಬಿಹಾಳ
18 ಜುಲೈ 1974

ಬಾಯಾರಿಗೆ ನಮಸ್ಕಾರ.

ನೀವು ಹೆಣ್ಣುಮಕ್ಕಳೆಂದು ತಿಳಿದು ಸಂತೋಷವಾಯಿತು. ನಮ್ಮ ಓದುಗರಲ್ಲಿ ಅರ್ಧ ಹೆಣ್ಣುಮಕ್ಕಳೇ ಎಂದು ನನ್ನ ಅನುಮಾನ ಮೊದಲಿನಿಂದಲೂ ಇತ್ತು.

ಬಾಯಾರ, ನೀವು ನನಗೊಂದು ಕಥೆಯನ್ನೇ ಕೊಟ್ಟುಬಿಟ್ಟಿರಿ! ಕುಡುಗೋಲು, ಕೊಡಲಿ, ವಿಷದ ಸೂಜಿ ಎಲ್ಲ ಬರೆದು ಬರೆದು ನನಗೂ ಬೇಸರ ಬಂದಿತ್ತು. ಗಿರಣಿ ನನ್ನ ತಲೆಗೇ ಹೊಳೆದಿರಲಿಲ್ಲ. ಹೆಸರನ್ನೂ ಇಟ್ಟೆ, ‘ಗಿರಣಿಯ ಗುಮ್ಮ’. ಮೊದಲ ಹೆಣ ಹೀಗೆ ಬೀಳುತ್ತದೆ, ಕೇಳಿ: “ಕರಾಳ ಪಟ್ಟಾವು ಹಸಿದ ಹೆಬ್ಬಾವಿನಂತೆ ಅವನನ್ನು ಸುತ್ತಿತು. ಮೂಳೆಗಳು ಒಣ ತೊಗರಿಕಟ್ಟಿಗೆಯಂತೆ ಮುರಿದವು. ಬಿಳಿಯ ಹತ್ತಿಯ ರಾಶಿ ಕ್ಷಣಮಾತ್ರದಲ್ಲಿ ಕೆಂಪು ಪರ್ವತವಾಯಿತು.”

ಹೇಗಿದೆ? ಬಿಳಿ ಹತ್ತಿಯ ಮೇಲೆ ಕೆಂಪು, ಮುಖಪುಟಕ್ಕೆ ಹೇಳಿ ಮಾಡಿಸಿದಂತಿದೆ. ನಿಮ್ಮ ಪರಿಚಯದವರ ಮನೆಯ ವಿವರ ಇನ್ನಷ್ಟು ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಪುಸ್ತಕದಲ್ಲಿ ನಿಮಗೆ ಕೃತಜ್ಞತೆ ಹೇಳುತ್ತೇನೆ.

ಅಬ್ದುಲರಜಾಕ


ಇಂಡಿ
2 ಆಗಸ್ಟ್ 1974

ರಜಾಕ ಅವರಿಗೆ,

ಅದು ನನ್ನ ಗಂಡ.

ಹೆಸರು ಸಿದ್ದರಾಯ. ಸಿಂದಗಿಯ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. 1968ರ ಫೆಬ್ರುವರಿ, ಬುಧವಾರ. ನಾನಾಗ ಇಂಡಿಯಲ್ಲಿಯೇ ಇದ್ದೆ, ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಅವರನ್ನು ಮನೆಗೆ ತಂದಾಗ ಬಿಳಿ ಬಟ್ಟೆಯಲ್ಲಿ ತಲೆಯಿಂದ ಕಾಲಿನವರೆಗೆ ಹೊಲಿದಿತ್ತು. ಹೊಲಿದವನು ನನ್ನ ಮೈದುನ ಕಾಳಪ್ಪ. ಬಸವನ ಬಾಗೇವಾಡಿಯಲ್ಲಿ ದರ್ಜಿ. ಹತ್ತಿರ ಹತ್ತಿರ, ಅಂಗಿಯ ಕಾಲರಿಗೆ ಹಾಕಿದಂತೆ ಹೊಲಿಗೆ ಹಾಕಿದ್ದ.

ಮುಖ ತೋರಿಸು ಎಂದೆ. “ನೋಡಬ್ಯಾಡ್ರಿ ವೈನಿ, ನಿಮ್ಮ ಕಾಲಿಗಿ ಬೀಳ್ತೇನಿ,” ಎಂದು ಅಡ್ಡ ನಿಂತ. ಕಾಲಿಗೂ ಬಿದ್ದ, ಆದರೆ ದಾರಿ ಬಿಡಲಿಲ್ಲ. ಹಾಗೆಯೇ ಮಣ್ಣು ಮಾಡಿದರು. ಅಂದಿನಿಂದ ಅವನೊಂದಿಗೆ ನಾನು ಮಾತನಾಡಿಲ್ಲ. ಅವನ ಮದುವೆಗೂ ಹೋಗಲಿಲ್ಲ. ನನ್ನ ಗಂಡನ ಸಾವನ್ನು ಅವನು ಕದ್ದ ಎಂದೇ ನನಗೆ ಅನ್ನಿಸುತ್ತದೆ.

ಆರು ವರ್ಷದಿಂದ ನಿಮ್ಮಂಥವರ ಪುಸ್ತಕದ ಒಂದೊಂದು ಸಾವನ್ನೂ ಅವರಿಗೆ ತೊಡಿಸಿ ನೋಡಿದ್ದೇನೆ. ಯಾವುದೂ ಹೊಂದುವುದಿಲ್ಲ. ನೀವು ಹನ್ನೆರಡು ವರ್ಷ ನೋಡಿದವರು. ಹೆಬ್ಬಾವು, ಪರ್ವತ ಬೇಡ. ಹೇಗಿರುತ್ತದೆ ಅಷ್ಟು ಹೇಳಿ.

ಇಂದ್ರಾಬಾಯಿ


ಮುದ್ದೇಬಿಹಾಳ
10 ಆಗಸ್ಟ್ 1974

ಬಾಯಾರಿಗೆ,

ನಿಮ್ಮ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ನಾನು ಬರೆದದ್ದನ್ನು ದಯವಿಟ್ಟು ಹರಿದು ಹಾಕಿ.

ನನ್ನ ಅನುಭವದ ಮೇಲೆ ಹೇಳುತ್ತೇನೆ, ನಂಬಿ. ಯಂತ್ರದ ಅಪಘಾತದಲ್ಲಿ ಮನುಷ್ಯನಿಗೆ ಏನೂ ತಿಳಿಯುವುದಿಲ್ಲ. ಗಾಳಿಗೆ ದೀಪ ಆರಿದಂತೆ ಪ್ರಾಣ ಹೋಗುತ್ತದೆ. ನೋವು ಮೈಯನ್ನು ಮುಟ್ಟುವ ಮೊದಲೇ ಆತ್ಮ ದೂರ ಸಾಗಿರುತ್ತದೆ. ಮುಖದ ಮೇಲೆ ನಿದ್ದೆಯಲ್ಲಿ ನಕ್ಕ ಕೂಸಿನ ಶಾಂತಿ ಇರುತ್ತದೆ. ಇಂಥ ಎಷ್ಟೋ ಮುಖಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಯಜಮಾನರೂ ಹಾಗೆಯೇ ಹೋಗಿರುತ್ತಾರೆ. ಮನಸ್ಸಿಗೆ ಸಮಾಧಾನ ತಂದುಕೊಳ್ಳಿ.

ಅಬ್ದುಲರಜಾಕ


ಇಂಡಿ
25 ಆಗಸ್ಟ್ 1974

ರಜಾಕ ಅವರಿಗೆ,

“ಗಾಳಿಗೆ ದೀಪ ಆರಿದಂತೆ” ಎಂಬುದು ‘ಏಳನೆಯ ಕುತ್ತಿಗೆ’ಯ ಇಪ್ಪತ್ತೆರಡನೆಯ ಪುಟದಲ್ಲಿದೆ, ದಿವಾನನ ಸಾವಿಗೆ. “ನಿದ್ದೆಯಲ್ಲಿ ನಕ್ಕ ಕೂಸು” ನಿಮ್ಮ ಎರಡನೆಯ ಪುಸ್ತಕದ್ದು, ಬಾವಿಗೆ ಬಿದ್ದ ಸೊಸೆಗೆ ಬಳಸಿದ್ದಿರಿ.

ನೀವು ಯಾವ ಶವಾಗಾರದಲ್ಲಿಯೂ ಇರಲಿಲ್ಲ. ಒಂದೂ ಹೆಣ ನೋಡಿಲ್ಲ.

ನೋಡಬೇಡ ಎಂದವನು ಕಾಳಪ್ಪನೊಬ್ಬನೇ ಎಂದುಕೊಂಡಿದ್ದೆ. ನೀವೂ ಅದನ್ನೇ ಮಾಡಿದಿರಿ. ಅವನು ಬಟ್ಟೆಯಿಂದ ಮುಚ್ಚಿದ, ನೀವು ಮಾತಿನಿಂದ ಮುಚ್ಚಿದಿರಿ.

ಇನ್ನು ಬರೆಯಬೇಡಿ.

ಇಂದ್ರಾಬಾಯಿ


ಮುದ್ದೇಬಿಹಾಳ
3 ಅಕ್ಟೋಬರ್ 1974

ಬಾಯಾರಿಗೆ,

ಬರೆಯಬೇಡಿ ಎಂದಿದ್ದೀರಿ. ಇದೊಂದನ್ನು ಓದಿ, ಆಮೇಲೆ ನಿಮ್ಮಿಚ್ಛೆ.

ನಾನು ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಗುಮಾಸ್ತ. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಬರೆದುಕೊಳ್ಳುವುದು ಕೆಲಸ. ಶವಾಗಾರದ ಮಾತನ್ನು ರಟ್ಟಿನ ಮೇಲೆ ಹಾಕಿದವರು ಪ್ರಕಾಶಕರು, ಬೇಡ ಎನ್ನದೆ ಸುಮ್ಮನಿದ್ದವನು ನಾನು. ನೀವು ಕೇಳಿದಾಗ ಹೌದೆಂದು ಬೇರೆ ಬರೆದೆ.

ನಿಜ ಹೇಳಬೇಕೆಂದರೆ ನನಗೆ ರಕ್ತ ಕಂಡರೆ ಆಗುವುದಿಲ್ಲ. ಕೋಳಿ ಕೊಯ್ಯುವಾಗ ಮನೆ ಬಿಟ್ಟು ಹೋಗುತ್ತೇನೆ. ನನ್ನ ಹೆಂಡತಿ ರಾಜಬಿ ಬೆರಳು ಕೊಯ್ದುಕೊಂಡರೆ ಅವಳೇ ನನಗೆ ನೀರು ಕೊಡಬೇಕು. “ಪುಸ್ತಕದಾಗ ಊರಮಂದಿನ್ನೆಲ್ಲಾ ಕಡೀತೀರಿ, ಇಷ್ಟಕ್ಕ ಗೋಡಿ ಹಿಡಿದು ಕುಂಡ್ರತೀರಲ್ರಿ,” ಎಂದು ನಗುತ್ತಾಳೆ. ಮೂರು ವರ್ಷದ ಹಿಂದೆ ನನ್ನ ಅವ್ವ ತೀರಿಕೊಂಡಳು. ಕೊನೆಯ ಸಲ ಮುಖ ನೋಡಲು ಎಲ್ಲರನ್ನೂ ಕರೆದರು. ನಾನು ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದೆ. ಒಳಗೆ ಹೋಗಲಿಲ್ಲ. ನನಗೆ ಯಾರೂ ಅಡ್ಡ ಬಂದಿರಲಿಲ್ಲ ಬಾಯಾರ. ಬಾಗಿಲು ತೆರೆದೇ ಇತ್ತು.

ಮರುವಾರ ನನ್ನ ಮೊದಲ ಪುಸ್ತಕ ಶುರು ಮಾಡಿದೆ. ಕಾಗದದ ಮೇಲಿನ ಹೆಣಕ್ಕೆ ನಾನು ಹೆದರುವುದಿಲ್ಲ. ಅದು ನಾನು ಹೇಳಿದಾಗ ಬೀಳುತ್ತದೆ, ನಾನು ಹೇಳಿದಷ್ಟೇ ರಕ್ತ ಸುರಿಸುತ್ತದೆ. ಓದುವವರಿಗೂ ಹಾಗೆಯೇ ಇರಬೇಕು. ಸಾಕೆನಿಸಿದರೆ ಮುಚ್ಚಿ ಬಸ್ಸು ಹತ್ತಬಹುದು. ನಾವೆಲ್ಲ ಹೀಗೆ ಆಟದ ಧೈರ್ಯ ಕಲಿಯುತ್ತಿದ್ದೇವೆ ಎಂದುಕೊಂಡಿದ್ದೆ. ನಿಮ್ಮಂಥವರೊಬ್ಬರು ನಿಜವಾದದ್ದನ್ನು ಹುಡುಕುತ್ತ ಓದುತ್ತಿರಬಹುದು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

‘ಗಿರಣಿಯ ಗುಮ್ಮ’ ಬರೆಯುವುದಿಲ್ಲ.

ಅಬ್ದುಲರಜಾಕ


ಇಂಡಿ
21 ನವೆಂಬರ್ 1974

ರಜಾಕ ಅವರಿಗೆ,

ಪತ್ರ ಸೇರಿತು. ಬಹಳ ದಿನ ಇಟ್ಟುಕೊಂಡು ಕುಳಿತೆ.

ನೀವು ನಿಮ್ಮದನ್ನು ಹೇಳಿದಿರಿ. ನಾನೂ ಒಂದು ಹೇಳುತ್ತೇನೆ, ಇದನ್ನು ಯಾರ ಮುಂದೆಯೂ ಹೇಳಿಲ್ಲ. ಅಂದು ಕಾಳಪ್ಪ ಮಣ್ಣು ಮಾಡಲು ತೋಡಿದ ಕುಣಿ ನೋಡಿಬರಲು ಹೊರಗೆ ಹೋದ. ಹೆಂಗಸರು ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದರು. ಪಡಸಾಲೆಯಲ್ಲಿ ನಾನು ಮತ್ತು ಅವರು, ಇಬ್ಬರೇ. ಗೋಡೆಯ ಗೂಡಿನಲ್ಲಿ ಕತ್ತರಿ ಇತ್ತು. ಕೈಗೆ ತೆಗೆದುಕೊಂಡೆ. ಒಂದು ಹೊಲಿಗೆಯ ಕೆಳಗೆ ತುದಿಯನ್ನೂ ಇಟ್ಟೆ. ಆಮೇಲೆ ತಿರುಗಿ ಗೂಡಿನಲ್ಲಿ ಇಟ್ಟುಬಂದೆ.

ಕಾಳಪ್ಪ ತಡೆದ ಎಂದು ಆರು ವರ್ಷ ಎಲ್ಲರಿಗೂ ಹೇಳಿದ್ದೇನೆ. ಅದು ಅರ್ಧ ಮಾತ್ರ ನಿಜ.

ಕ್ಷಮೆ ಕೇಳುವುದು ಬೇಡ. ನೀವು ಚಪ್ಪಲಿಗಳ ನಡುವೆ ನಿಂತದ್ದನ್ನು ಓದಿದಾಗ ನನಗೆ ನಿಮ್ಮ ಮೇಲೆ ಸಿಟ್ಟು ಉಳಿಯಲಿಲ್ಲ.

ಇಂದ್ರಾಬಾಯಿ


ಮುದ್ದೇಬಿಹಾಳ
27 ಜನವರಿ 1975

ಬಾಯಾರಿಗೆ,

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಎರಡು ರವಿವಾರ ಸಿಂದಗಿಗೆ ಹೋಗಿ, ಹತ್ತಿ ಗಿರಣಿಗಳಲ್ಲಿ ನಿಮ್ಮ ಯಜಮಾನರ ಹೆಸರು ಹೇಳುತ್ತ ತಿರುಗಿದೆ. ಕೊನೆಗೆ ಒಬ್ಬರು, ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದ ಬಂದಗಿಸಾಬ ಅಂದು ಅಲ್ಲಿದ್ದ, ಈಗ ಕೆಲಸ ಬಿಟ್ಟು ತನ್ನ ಊರು ಮಸೂತಿಯಲ್ಲಿದ್ದಾನೆ ಎಂದರು. ಮೊನ್ನೆ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮಸೂತಿಗೆ ಹೋದೆ. ಬಂದಗಿಸಾಬರು ಹೇಳಿದ್ದನ್ನು ಅವರ ಮಾತಿನಲ್ಲಿಯೇ, ಒಂದು ಉಪಮೆಯನ್ನೂ ಸೇರಿಸದೆ ಬರೆದು, ಒಳಗಿನ ಲಕೋಟೆಯಲ್ಲಿ ಅಂಟಿಸಿ ಇಟ್ಟಿದ್ದೇನೆ. ಕೇಳುವಾಗ ನಾನು ಗೋಡೆ ಹಿಡಿದು ಕೂಡಬೇಕಾಯಿತು, ಆದರೆ ಎದ್ದು ಹೋಗಲಿಲ್ಲ.

ಅದು ಸುಲಭವಾದದ್ದಲ್ಲ. ತೆರೆಯುವುದು ಬಿಡುವುದು ನಿಮಗೆ ಬಿಟ್ಟದ್ದು. ತೆರೆಯದಿದ್ದರೂ ನಾನು ಏನೂ ಅಂದುಕೊಳ್ಳುವುದಿಲ್ಲ.

ಅಬ್ದುಲರಜಾಕ


(ಒಳಗಿನ ಲಕೋಟೆ)

ಬಂದಗಿಸಾಬ ಹೇಳಿದ್ದು, ಮಸೂತಿ, 25 ಜನವರಿ 1975:

“ಪಟ್ಟಾ ಜಾರಾಕತ್ತಿತ್ತು. ಜಾರಬಾರದಂತ ರಾಳ ಹಚ್ಚಾಕ ಹೋದ. ಎಂಜಿನ್ ನಿಂದರಿಸಿ ಹಚ್ಚಬೇಕು, ಆದ್ರ ಎಲ್ಲಾರೂ ನಡಿಯೋದ್ರಾಗೇ ಹಚ್ಚತಿದ್ವಿ. ಅಂಗಿ ತೋಳ ಸಿಕ್ಕತು. ಮ್ಯಾಲ ಎತ್ತಿ ಗಡಗಡಿಗಿ ಬಡಿದು ಆಚಿ ಕಡೆ ಒಗೀತು. ನಾ ಓಡಿ ಎಂಜಿನ್ ಬಂದ ಮಾಡಿದೆ.

“ಬಲಗೈ ಹೋಗಿತ್ತು. ಎದಿ ಒಳಗ ಕುಸಿದಿತ್ತು. ಮುಖ ಎಡಕ್ಕ ಚೊಲೋ ಇತ್ತು, ಬಲಕ್ಕ ಇರಲಿಲ್ಲ. ಸುಳ್ಳ ಯಾಕ ಹೇಳಲಿ? ಒದರಿದ. ಭಾಳ ಒದರಿದ. ಆಮ್ಯಾಲ ಸುಮ್ಮನಾದ. ನನ್ನ ತೊಡಿ ಮ್ಯಾಲ ತಲಿ ಇಟ್ಕೊಂಡೆ. ಅರ್ಧಾ ತಾಸ ಇದ್ದ.

“ನೀರ ಕೇಳಿದ, ಕೊಟ್ಟೆ. ‘ಪಟ್ಟಾ ಇಳಿಸಿದ್ರೇನು, ಮತ್ಯಾರರೆ ಸಿಕ್ಕಾರು’ ಅಂದ. ಇಳಿಸೇವಿ ಅಂದೆ. ಆಮ್ಯಾಲ ಅಂದ, ‘ನಮ್ಮಾಕಿ ಗಟ್ಟಿ ಅದಾಳ. ನೋಡತೇನಿ ಅಂತಾಳ. ನೋಡಗೊಡಬ್ಯಾಡ್ರಿ. ಕಾಳಪ್ಪಗ ಹೇಳ್ರಿ, ಆಕಿ ಏನಂದ್ರೂ ನೋಡಗೊಡಬ್ಯಾಡಂತ.’ ಎರಡ ಸಲ ಹೇಳಿದ. ನನ್ನ ಕಡಿಂದ ಆಣಿ ತಗೊಂಡ.

“ಸಂಜಿಮುಂದ ಆ ಹುಡುಗ ಬಾಗೇವಾಡಿಯಿಂದ ಬಂದ. ನಾ ಹೇಳಿದೆ. ಪ್ಯಾಟಿಗಿ ಹೋಗಿ ಬಟ್ಟಿ ತಂದು, ಅಲ್ಲೇ ಕುಂತು ಹೊಲದ.”


ಇಂಡಿ
16 ಮಾರ್ಚ್ 1975

ರಜಾಕ ಸಾಹೇಬರಿಗೆ,

ಒಳಗಿನ ಲಕೋಟೆಯನ್ನು ಹನ್ನೆರಡು ದಿನ ತೆರೆಯಲಿಲ್ಲ. ಹದಿಮೂರನೆಯ ದಿನ, ಶಾಲೆ ಬಿಟ್ಟ ಮೇಲೆ, ಖಾಲಿ ವರ್ಗದಲ್ಲಿ ಕುಳಿತು ತೆರೆದೆ. ಎರಡು ಸಲ ಓದಿದೆ. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅರ್ಧ ತಾಸು ಜೀವ ಹಿಡಿದುಕೊಂಡು ನನಗೆಂದು ಹೇಳಿಕಳಿಸಿದ ಮಾತು ಅದೊಂದೇ ಏನು? ನನ್ನನ್ನು ಗಟ್ಟಿ ಎಂದೂ ತಿಳಿದಿದ್ದರು, ನೋಡಗೊಡಬೇಡಿ ಎಂದೂ ಹೇಳಿದರು. ಸತ್ತವರ ಮೇಲಿನ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯದೆ ಒಂದು ವಾರ ತಿರುಗಿದೆ. ಆಮೇಲೆ ಹೊಳೆಯಿತು, ಇಷ್ಟು ವರ್ಷ ಅದನ್ನು ಇಟ್ಟುಕೊಂಡವನು ಒಬ್ಬನಿದ್ದಾನೆ.

ಹೋದ ಶನಿವಾರ ಬಾಗೇವಾಡಿಗೆ ಹೋದೆ. ಕಾಳಪ್ಪನ ಅಂಗಡಿ ಸಣ್ಣದು, ಒಂದೇ ಮಷಿನ್ನು. ನನ್ನನ್ನು ಕಂಡವನೇ ಎದ್ದು ನಿಂತ. ತಲೆಯಲ್ಲಿ ಬಿಳಿ ಕೂದಲು ಬಂದಿದೆ. ಅವನ ಹೆಂಡತಿ ರೇವವ್ವ ಯಾರೆಂದು ತಿಳಿಯದೆ ಚಾಪೆ ಹಾಸಿದಳು.

“ಬಂದಗಿಸಾಬ ಎಲ್ಲಾ ಹೇಳ್ಯಾರ,” ಎಂದೆ. “ಅಣ್ಣನ ಮಾತು ಅಂತ ನನಗ ಯಾಕ ಹೇಳಲಿಲ್ಲ, ಕಾಳಪ್ಪ?”

ಮಷಿನ್ನಿನ ಮೇಲಿದ್ದ ಬಟ್ಟೆಯನ್ನು ಮಡಚಿಟ್ಟ. ಆಮೇಲೆ ನೆಲ ನೋಡುತ್ತ ಹೇಳಿದ: “ಹೇಳಿದ್ರ ನೀವು ಅಣ್ಣನ ಮ್ಯಾಲ ಸಿಟ್ಟಾಗ್ತಿದ್ರಿ ವೈನಿ. ಅಂವ ತಿರುಗಿ ಬಂದು ಸಮಾಧಾನ ಮಾಡಾಂವಲ್ಲ. ನಾ ಅಂತೂ ಜೀವಂತ ಅದೇನಿ, ನನ್ನ ಮ್ಯಾಲೇ ಇರಲಿ ಅಂದೆ.”

ಅವನನ್ನು ಬಹಳ ಬೈದಿದ್ದೆ. ಸಂತೆಯಲ್ಲಿ ಎದುರಿಗೆ ಬಂದರೆ ಮುಖ ತಿರುಗಿಸಿದ್ದೆ. ಕತ್ತರಿಯ ವಿಷಯವನ್ನು ಅವನಿಗೆ ಹೇಳಿದೆ. “ಗೊತ್ತೈತ್ರಿ,” ಎಂದ. “ಒಂದ ಹೊಲಿಗಿ ಹರದಿತ್ತು. ನಾ ಬಂದು ಮತ್ತ ಹಾಕಿದೆ.” ನಾನು ಹರಿದಿದ್ದೆ ಎಂಬುದು ನನಗೇ ನೆನಪಿಲ್ಲ.

ಆಮೇಲೆ ನಾನು ಕೇಳಿದೆ: “ನೀ ನೋಡೀದಿ. ಏನ ನೋಡೀದಿ ಅದನ್ನ ಹೇಳು.”

ಹೇಳಿದ. ಬಟ್ಟೆ ಎಷ್ಟು ಅಳತೆ ತಂದ, ಯಾವ ಕಡೆಯಿಂದ ಹೊಲಿಯತೊಡಗಿದ, ಎಡಗಣ್ಣಿನ ರೆಪ್ಪೆಗೆ ಹತ್ತಿಯ ಎಳೆ ಹತ್ತಿದ್ದನ್ನು ಬೆರಳಿನಿಂದ ತೆಗೆದದ್ದು, ಮುಖದ ಹತ್ತಿರ ಬಂದಾಗ ಸೂಜಿ ಕೈತಪ್ಪಿ ಬಿದ್ದದ್ದು. ನಡುನಡುವೆ ನಿಂತ. ನಾನು ಕಾದೆ. ನಿಮ್ಮ ಪುಸ್ತಕದಲ್ಲಿ ಇದು ಅರ್ಧ ಪುಟ ಆಗುತ್ತಿತ್ತು. ಅವನಿಗೆ ಒಂದು ತಾಸು ಹಿಡಿಯಿತು. ನನಗೆ ಕಾಣಿಸಿತು ರಜಾಕ ಸಾಹೇಬರೇ. ಬಲಗಡೆಯೂ ಕಾಣಿಸಿತು. ಅಂಜಿಕೆ ಆಯಿತು, ಆದರೆ ಅದು ಅವರೇ ಆಗಿದ್ದರು. ಬೇರೆ ಯಾರದೋ ಸಾವನ್ನು ತೊಟ್ಟವರಾಗಿರಲಿಲ್ಲ.

ನಿಮಗೆ ಒಂದು ಮಾತು. ಬರೆಯುವುದನ್ನು ಬಿಟ್ಟಿದ್ದೀರಿ ಎಂದು ನನಗೆ ಅನುಮಾನ. ಅಂಗಡಿಯಲ್ಲಿ ನಿಮ್ಮ ಹೊಸದು ಬಂದಿಲ್ಲ. ಬಿಡಬೇಡಿ. ಜನ ನಡುವಿನ ಪುಟಕ್ಕೆ ಬೆರಳಿಟ್ಟು ನಿಲ್ಲುವುದು ಕೆಟ್ಟ ಬುದ್ಧಿಯಿಂದಲ್ಲ. ಮನೆಯಲ್ಲಿ ಯಾರೂ ಅವರಿಗೆ ತೋರಿಸದ್ದು ಏನೋ ಇರುತ್ತದೆ. ಆದರೆ ಸಾಯುವವನಿಗೆ ಒಮ್ಮೆ ನೀರು ಕೇಳಲು ಬಿಡಿ.

ಮರುದಿನ ಮುಂಜಾನೆ ಇಂಡಿಗೆ ಹೊರಟೆ. ರೇವವ್ವ ರೊಟ್ಟಿ ಕಟ್ಟಿಕೊಟ್ಟಳು. ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಚೀಲ ಹಿಡಿದು ಹೊಸ್ತಿಲು ದಾಟುವಾಗ ಕಾಳಪ್ಪ ಹಿಂದಿನಿಂದ ಕರೆದ.

“ವೈನಿ, ಇಷ್ಟ ವರ್ಷ ಯಾರ ಮುಂದೂ ಹೇಳಿದ್ದಿಲ್ರಿ. ಇಕಿ ಮುಂದೂ ಹೇಳಿಲ್ಲ. ಇನ್ನೊಮ್ಮೆ ಹೇಳಲೇನ್ರಿ?”

ಚೀಲ ಕೆಳಗಿಟ್ಟು ಕುಳಿತೆ. ರೇವವ್ವನೂ ಬಂದು ನನ್ನ ಮಗ್ಗುಲಿಗೆ ಕುಳಿತಳು. ಅವನು ಮೊದಲಿನಿಂದ ಹೇಳತೊಡಗಿದ.

ಇಂದ್ರಾಬಾಯಿ